ಆಟಿ ಹದಿನೆಂಟರ ಮರುದಿನ

ಡಾಕ್ಟರು ನನಗೆ ವಹಿಸಿದ್ದು ಒಂದು ಚಿಕ್ಕ ಕೆಲಸ. ದಿನಾ ಬೆಳಿಗ್ಗೆ ಸೂಜಿಮದ್ದು ಚುಚ್ಚುವ ಮೊದಲು ಒಬ್ಬ ರೋಗಿಯ ಮೂತ್ರವನ್ನು ನೋಡಬೇಕು. ಅದು ಕೆಂಪಗಿದ್ದರೆ ಕೈಲಿದ್ದುದನ್ನು ಅಲ್ಲೇ ಬಿಟ್ಟು ಬಂದು ಹೇಳಬೇಕು. ಅಷ್ಟೇ. ಮದ್ದು ಅರೆಯುವುದರಿಂದ ಹಿಡಿದು ಮೈಕ್ರೋಸ್ಕೋಪಿನಲ್ಲಿ ಮಲೇರಿಯಾ ಹುಡುಕುವವರೆಗೆ ಎಲ್ಲವನ್ನೂ ಒಬ್ಬನೇ ಮಾಡುತ್ತಿದ್ದ ಕಂಪೌಂಡರ್ ನಾನು. ಇದೂ ಒಂದು ಕೆಲಸವೇ ಎಂದುಕೊಂಡಿದ್ದೆ. ಅದರಲ್ಲೇ ನಾನು ತಪ್ಪಿದೆ. ಆ ರೋಗಿ ನನ್ನ ಸೋದರಮಾವ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರ್ನಾಲ್ಕು ವರ್ಷವಾಗಿತ್ತು. ಪಾಲಿಬೆಟ್ಟದಿಂದ ಆಚೆ, ಕಾಫಿ ತೋಟಗಳ ನಡುವೆ ಹದಿನಾಲ್ಕು ಮಂಚದ ಆಸ್ಪತ್ರೆ ನಮ್ಮದು. ಲೈನ್‌ಗಳೆಂಬ ಸಾಲುಮನೆಗಳಲ್ಲಿದ್ದ ತೋಟದ ಆಳುಗಳಿಗೆಂದು ಕಟ್ಟಿದ್ದು. ಸುತ್ತಲ ಊರವರೂ ಬರುತ್ತಿದ್ದರು. ಡಾಕ್ಟರು ಮೈಸೂರಿನವರು, ಬಂದು ವರ್ಷವಾಗುತ್ತ ಬಂದಿತ್ತು. ಒಳ್ಳೆಯ ಮನುಷ್ಯ. ಆದರೆ ಅವರಿಗೊಂದು ಹುಚ್ಚಿತ್ತು. ಓದುವ ಕಾಲದಲ್ಲಿ ಎಲ್ಲೋ ನಾಗರಹಾವಿನ ವಿಷವನ್ನು ತೆಳ್ಳಗೆ ಮಾಡಿ ಕ್ಯಾನ್ಸರ್ ನೋವಿಗೆ ಚುಚ್ಚುವುದನ್ನು ಕಂಡಿದ್ದರಂತೆ. ಅಂದಿನಿಂದ ಹಾವು, ಚೇಳು, ಜೇನು ಎಂದರೆ ಅವರ ಕಿವಿ ನೆಟ್ಟಗಾಗುತ್ತಿತ್ತು. ಅಂಚೆಯಲ್ಲಿ ಬರುತ್ತಿದ್ದ ಡಾಕ್ಟರಿ ಪತ್ರಿಕೆಗಳಲ್ಲಿ ಆ ಬಗ್ಗೆ ಒಂದು ಸಾಲು ಸಿಕ್ಕರೂ ಕೆಂಪು ಪೆನ್ಸಿಲಿನಲ್ಲಿ ಗೆರೆ ಹಾಕಿ ನನಗೆ ಓದಿ ಹೇಳುತ್ತಿದ್ದರು.

"ವಿಷ ಅಂದ್ರೆ ಒಂದೇ ವಸ್ತು ಅಲ್ಲ ಕಣ್ರೀ. ಅದರಲ್ಲಿ ಪ್ರೋಟೀನಿನ ಚೂರುಗಳಿರ್ತವೆ, ಪೆಪ್ಟೈಡ್ ಅಂತಾರೆ. ಜೇನಿನ ವಿಷದಲ್ಲಿರೋ ಯಾವುದೋ ಒಂದು ಚೂರು ಜೀವಕೋಶದ ಗೋಡೆಗೇ ತೂತು ಹಾಕುತ್ತೆ. ಗಡ್ಡೆಯ ಕೋಶಕ್ಕೆ ತೂತು ಬಿತ್ತು ಅಂದ್ರೆ ನಾವು ಗೆದ್ದ ಹಾಗೆ."

"ರಕ್ತದ ಕೋಶಕ್ಕೆ ಬಿದ್ದರೆ ಸಾರ್?" ಎಂದು ಕೇಳಿದೆ.

"ಅದನ್ನ ನೋಡೋಕೇ ನೀವಿರೋದು" ಎಂದರು.

ಮಾವನ ಊರು ಭಾಗಮಂಡಲದ ಕಡೆ. ಮೂವತ್ತು ಜೇನುಪೆಟ್ಟಿಗೆ ಇಟ್ಟಿದ್ದರು. ಮುಖಕ್ಕೆ ಬಲೆ ಹಾಕದೆ, ಕೈಗೆ ಬಟ್ಟೆ ಸುತ್ತದೆ ಜೇನಿನ ಎರಿ ಎತ್ತುವವರು. ಕಚ್ಚಿದರೆ ಉಗುರಿನಿಂದ ಮುಳ್ಳು ಕೆರೆದು ಹಾಕಿ ಮಾತು ಮುಂದುವರಿಸುತ್ತಿದ್ದರು. ಬಾಯಲ್ಲಿ ಸದಾ ಹೊಗೆಸೊಪ್ಪಿನ ಕವಳ. ನಾಲಿಗೆಯ ಬುಡದಲ್ಲಿ ಎದ್ದ ಹುಣ್ಣನ್ನು ಒಂದು ವರ್ಷ ಸುಣ್ಣ ತಾಗಿದ್ದು ಎಂದೇ ಹೇಳಿಕೊಂಡು ಬಂದರು. ಅದು ಸುಣ್ಣವಲ್ಲ ಎಂದು ತಿಳಿಯುವಷ್ಟರಲ್ಲಿ ಕತ್ತಿನಲ್ಲಿ ನಿಂಬೆಹಣ್ಣಿನಷ್ಟು ಗಂಟು. ದೂರದ ದೊಡ್ಡ ಆಸ್ಪತ್ರೆಯವರು ನೋಡಿ, ತಡವಾಯಿತು, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ ಎಂದು ಕಳಿಸಿದರು. ನಾನು ಅವರನ್ನು ಮನೆಗೆ ಬಿಡದೆ ನಮ್ಮ ಆಸ್ಪತ್ರೆಗೆ ಕರೆತಂದೆ. ಅತ್ತೆ ನನ್ನ ಕ್ವಾರ್ಟರ್ಸಿನಲ್ಲಿ ಉಳಿದರು.

ಡಾಕ್ಟರು ಮಾವನನ್ನು ಎರಡು ದಿನ ಬರೀ ನೋಡಿದರು. ಮೂರನೆಯ ದಿನ ನನ್ನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಮಂಚದ ಪಕ್ಕದಲ್ಲೇ ಮಾತಾಡಿದರು. ಗುಣವಾಗುತ್ತದೆ ಎಂದು ಹೇಳುವುದಿಲ್ಲ, ಇದು ಯಾರೂ ಇಲ್ಲಿ ಮಾಡಿ ನೋಡಿದ ಮದ್ದಲ್ಲ, ಇವರ ಮೈಗೆ ಜೇನು ಹೊಸದಲ್ಲವಾದ್ದರಿಂದ ಕೇಳುತ್ತಿದ್ದೇನೆ, ಬೇಡ ಎಂದರೆ ಬೇಜಾರಿಲ್ಲ ಎಂದರು. ಮಾವನಿಗೆ ಆಗ ಗೊಗ್ಗರು ದನಿಯಲ್ಲಿ ಸ್ವಲ್ಪ ಮಾತಾಡಲು ಆಗುತ್ತಿತ್ತು. ಡಾಕ್ಟರಿಗೆ ಉತ್ತರ ಹೇಳುವ ಬದಲು ನನ್ನ ಕಡೆ ತಿರುಗಿದರು.

"ಅಳಿಯ, ನಂಗೆ ಬದುಕಿಕೆ ಆಸೆ ಇಲ್ಲೆ ತ ಅಲ್ಲ. ಉಟ್ಟು. ಆದ್ರೆ ಅಷ್ಟ್ ದೊಡ್ಡದ್ ಬೇಡ. ಈ ಆಟಿ ಹದಿನೆಂಟಕ್ಕೆ ಒಂದ್ ಲೋಟ ಪಾಯಸ ನುಂಗಿಕೆ ಆದ್ರೆ ಸಾಕ್. ಮತ್ತೆ ಎಂತ ಬೇಕಾದ್ರೂ ಆಗ್ಲಿ."

ಬದುಕುವ ಆಸೆಯೇನೋ ಇದೆ, ಆದರೆ ಈ ಆಟಿ ಹದಿನೆಂಟರ ಪಾಯಸ ನುಂಗಲಾದರೆ ಸಾಕಂತೆ ಎಂದು ಡಾಕ್ಟರಿಗೆ ನಾನು ನಮ್ಮ ಮನೆಮಾತನ್ನು ಬಿಡಿಸಿ ಹೇಳಿದೆ. ಅವರಿಗೆ ಆಟಿ ಹದಿನೆಂಟು ಗೊತ್ತಿತ್ತು, ಸರಿಯಾಗಿಯೇ ಗೊತ್ತಿತ್ತು. ಅದರ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ.

ಮಳೆಗಾಲದ ನಟ್ಟನಡುವಿನ ಆಟಿ ತಿಂಗಳನ್ನು ಕೊಡವರು ಕಕ್ಕಡ ಎನ್ನುತ್ತಾರೆ. ಅದರ ಹದಿನೆಂಟನೆಯ ದಿನ ಕಾಡಂಚಿನ ಮದ್ದು ಸೊಪ್ಪಿಗೆ ಹದಿನೆಂಟು ಬಗೆಯ ಔಷಧದ ಗುಣ ಬಂದು ಸೇರುತ್ತದೆ ಎಂಬುದು ನಮ್ಮಲ್ಲಿ ನಂಬಿಕೆ. ಅಂದು ಆ ಸೊಪ್ಪನ್ನು ಬೇಯಿಸಿ, ನೇರಳೆ ಬಣ್ಣದ ಆ ನೀರಿನಲ್ಲಿ ಅಕ್ಕಿ, ಬೆಲ್ಲ, ತೆಂಗಿನಹಾಲು ಹಾಕಿ ಪಾಯಸ ಮಾಡಿ, ಮೇಲೆ ಜೇನು ಬಿಟ್ಟುಕೊಂಡು ಉಣ್ಣದ ಮನೆ ಇಲ್ಲ. ಉಂಡವರಿಗೆಲ್ಲ ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. ಮದ್ದು ಮೈಗೆ ಹತ್ತಿತು ಎಂದು ಖುಷಿಪಡುತ್ತೇವೆ. ಹಿಂದಿನ ವರ್ಷ, ಬಂದ ಹೊಸತರಲ್ಲಿ, ನಮ್ಮ ಡಾಕ್ಟರು ಆ ಮರುದಿನ ವಾರ್ಡಿಗೆ ಕಾಲಿಟ್ಟು ಐದಾರು ಮಂದಿಯ ಕೆಂಪು ಮೂತ್ರ ನೋಡಿ, ಮಲೇರಿಯಾ ವಿಷಮಿಸಿ ರಕ್ತ ಒಡೆಯುವ ಕಾಯಿಲೆ ಎಂದು ತಿಳಿದು, ಎಲ್ಲರ ಕ್ವಿನೈನ್ ನಿಲ್ಲಿಸಿ, ಮಡಿಕೇರಿಗೆ ಫೋನ್ ಹಚ್ಚಲು ಹೊರಟಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕು ವಿಷಯ ಹೇಳಿದೆ. ಸಂಜೆಯೊಳಗೆ ಕಥೆ ತೋಟದ ಲೆಕ್ಕ ಬರೆಯುವ ರೈಟರ್ ಆಫೀಸಿನಿಂದ ಲೈನ್‌ಗಳವರೆಗೆ ಹಬ್ಬಿತು. ಹಬ್ಬಿಸಿದವನು ನಾನೇ. ಡಾಕ್ಟರೂ ನಕ್ಕರು. ಆದರೆ ಕೆಂಪು ಬಣ್ಣದ ವಿಷಯದಲ್ಲಿ ಅವರು ಅಂದಿನಿಂದ ತಮ್ಮ ಕಣ್ಣಿಗಿಂತ ನನ್ನ ಮಾತನ್ನು ಹೆಚ್ಚು ನಂಬತೊಡಗಿದರು.

ಮಾವ ಒಪ್ಪಿದ ವಾರವೇ ಊರಿನಿಂದ ಎಂಟು ಪೆಟ್ಟಿಗೆಗಳನ್ನು ಎಸ್ಟೇಟಿನ ಲಾರಿಯಲ್ಲಿ ತರಿಸಿ ಆಸ್ಪತ್ರೆಯ ಹಿಂದೆ ಸಿಲ್ವರ್ ಓಕ್ ಮರಗಳ ಕೆಳಗೆ ಇಟ್ಟೆವು. ಮಳೆ ಹಿಡಿಯಲು ಒಂದು ತಿಂಗಳಿತ್ತು. ಅಷ್ಟರಲ್ಲಿ ವಿಷ ಸಂಗ್ರಹವಾಗಬೇಕು; ಮಳೆಗಾಲದಲ್ಲಿ ಹುಳಕ್ಕೆ ಹೂವಿನ ಹುಡಿ ಸಿಗುವುದಿಲ್ಲ, ಹುಡಿ ಇಲ್ಲದೆ ವಿಷ ಕಟ್ಟುವುದಿಲ್ಲ ಎಂದು ಮಾವನೇ ಹೇಳಿದ್ದರು.

ಡಾಕ್ಟರು ಹೇಳಿಕೊಟ್ಟ ಕ್ರಮ ಇದು. ಗಾಜಿನ ಹಲಗೆಯ ಮೇಲೆ ಆಡಿನ ಮೂತ್ರಕೋಶದ ಪೊರೆಯನ್ನು ಬಿಗಿಯಾಗಿ ಎಳೆದು ಕಟ್ಟುವುದು. ಹುಳವನ್ನು ಇಕ್ಕಳದಲ್ಲಿ ರೆಕ್ಕೆ ಹಿಡಿದು ಪೊರೆಯ ಮೇಲೆ ಕೂರಿಸಿದರೆ ಅದು ಚುಚ್ಚುತ್ತದೆ. ವಿಷದ ಹನಿ ಪೊರೆಯ ಕೆಳಗೆ ಗಾಜಿನ ಮೇಲೆ ಬೀಳುತ್ತದೆ. ಮೊದಲ ದಿನ ಚುಚ್ಚಿದ ಹುಳಗಳೆಲ್ಲ ಮುಳ್ಳನ್ನೂ ಕರುಳನ್ನೂ ಅಲ್ಲೇ ಕಿತ್ತುಕೊಂಡು ಸತ್ತವು. ಸಂಜೆ ಗುಡಿಸಿದರೆ ಒಂದು ಮೊರದಷ್ಟು. ಮಾವ ವೆರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದವರು ಎದ್ದು ಬಂದು ಪೊರೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು.

"ದಪ್ಪ ಆತ್" ಎಂದರು. "ಮುಳ್ಳ್ ಸಿಕ್ಕಿಕೊಂಡದೆ. ಹುಳ ಎಂತ ಮಾಡುದು ಪಾಪ."

ಮರುದಿನ ಅವರೇ ಪೊರೆ ಹದ ಮಾಡಿದರು. ನೀರಲ್ಲಿ ನೆನೆಸಿ, ಬಿದಿರಿನ ಸೀಳಿನಿಂದ ಕೊಬ್ಬು ಹೆರೆದು, ಊದಿ, ನೆರಳಲ್ಲಿ ಒಣಗಿಸಿದರು. ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗಾಯಿತು. ಅದರಲ್ಲಿ ಮುಳ್ಳು ಹೋಗಿ ಹಾಗೇ ಹಿಂದಕ್ಕೆ ಬರುತ್ತಿತ್ತು. ಹೆಚ್ಚಿನ ಹುಳಗಳು ಚುಚ್ಚಿ, ಕೊಡವಿಕೊಂಡು, ಪೆಟ್ಟಿಗೆಗೆ ಹಾರಿಹೋದವು. ಗಾಜಿನ ಮೇಲೆ ಬಿದ್ದ ಹನಿ ಐದು ನಿಮಿಷದಲ್ಲಿ ಬಿಳಿ ಅಂಟಿನಂತೆ ಒಣಗುತ್ತಿತ್ತು. ಬ್ಲೇಡಿನಿಂದ ಹೆರೆದು ಕಂದು ಬಾಟಲಿಗೆ ಹಾಕಿ ಮುಚ್ಚುತ್ತಿದ್ದೆ. ಕೆಲಸ ಮುಗಿಯುವಷ್ಟರಲ್ಲಿ ವೆರಾಂಡವೆಲ್ಲ ಮಾಗಿದ ಬಾಳೆಹಣ್ಣಿನ ವಾಸನೆ. ಜೇನು ಸಿಟ್ಟಾದಾಗ ಬಿಡುವ ವಾಸನೆ ಅದು. ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತರೆ ಸಿಗುತ್ತಿದ್ದುದು ಉಗುರಿನ ತುದಿಯಷ್ಟು. ನನ್ನ ಕೈ ಬಾತು ಗುಂಡಗಾಗಿತ್ತು. ಮಾವ ಅದನ್ನು ನೋಡಿ ಸದ್ದಿಲ್ಲದೆ ನಗುತ್ತಿದ್ದರು. ಆ ಒಂದು ತಿಂಗಳು ನಾವಿಬ್ಬರೂ ಸುಖವಾಗಿದ್ದೆವು. ಹಾಗೆ ಹೇಳಲು ನನಗೆ ಸಂಕೋಚವಿಲ್ಲ.

ಮದ್ದನ್ನು ಡಾಕ್ಟರು ಶುದ್ಧನೀರಿನಲ್ಲಿ ಕರಗಿಸಿ, ಶೋಧಕದಲ್ಲಿ ಇಳಿಸಿ, ಮೊದಲು ಎರಡು ಮೊಲಗಳಿಗೆ ಕೊಟ್ಟರು. ಕಡಿಮೆ ಕೊಟ್ಟ ಮೊಲ ಸೊಪ್ಪು ತಿಂದುಕೊಂಡಿತ್ತು. ಹೆಚ್ಚು ಕೊಟ್ಟದ್ದರ ಗೂಡಿನ ತಟ್ಟೆಯಲ್ಲಿ ಎರಡನೆಯ ದಿನ ಕೆಂಪು ನೀರು ಬಿತ್ತು. ಮೂರನೆಯ ದಿನ ಸತ್ತಿತು. ಡಾಕ್ಟರು ತಟ್ಟೆಯನ್ನು ನನ್ನ ಮೂಗಿನ ಹತ್ತಿರ ಹಿಡಿದು ತೋರಿಸಿದರು.

"ರಕ್ತ ಒಡೆದರೆ ಮೊದಲು ಗೊತ್ತಾಗೋದು ಇಲ್ಲಿ. ಮಿಕ್ಕಿದ್ದೆಲ್ಲಾ ಆಮೇಲೆ. ಕೆಂಪು ಕಂಡ್ರೆ ಬೆಂಜಿಡೀನ್ ಹಾಕಿ ನೋಡಿ, ನೀಲಿಯಾದ್ರೆ ರಕ್ತ. ಅವತ್ತೇ ಮದ್ದು ನಿಲ್ಲಿಸಿದರೆ ಮನುಷ್ಯ ಉಳೀತಾನೆ. ತಿಳೀತಲ್ಲ?"

ತಿಳಿದಿತ್ತು. ಬೆಂಜಿಡೀನ್ ಪುಡಿಯನ್ನು ಆಗಿಂದಾಗ ಆಸಿಡ್ಡಿನಲ್ಲಿ ಕಲಸಿ ತಯಾರಿಸಬೇಕು; ಹತ್ತು ನಿಮಿಷದ ಕೆಲಸ. ದಿನದ ಮೂತ್ರದ ಮಾದರಿಯನ್ನು ಸಣ್ಣ ಬಾಟಲಿಯಲ್ಲಿ ಕೆಡದ ಹಾಗೆ ಔಷಧ ಹಾಕಿ, ಚೀಟಿ ಅಂಟಿಸಿ ಕಪಾಟಿನಲ್ಲಿಡಬೇಕು. ರಿಜಿಸ್ಟರಿನಲ್ಲಿ ಬರೆಯಬೇಕು. ನನ್ನ ಅಕ್ಷರ ದುಂಡಗಿತ್ತು, ಅದರ ಬಗ್ಗೆ ಹೆಮ್ಮೆಯೂ ಇತ್ತು. ಸೂಜಿಮದ್ದು ಶುರುವಾದ ಮೇಲೆ ಸುಮಾರು ಎರಡು ತಿಂಗಳು ಒಂದು ದಿನವೂ ಬಿಡದೆ ಬರೆದೆ: ಹಳದಿ, ತಿಳಿ. ಹಳದಿ, ತಿಳಿ.

ಜೂನ್ ಮಳೆಯೊಂದಿಗೆ ಸೂಜಿಮದ್ದು ಶುರುವಾಯಿತು. ಮೊದಲು ಎರಡು ಮೂರು ಹುಳ ಕಚ್ಚಿದಷ್ಟು. ಆಮೇಲೆ ಹತ್ತು, ಇಪ್ಪತ್ತು, ಐವತ್ತು. ಬೇರೆಯವರಾಗಿದ್ದರೆ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟುತ್ತಿತ್ತು. ಮಾವನಿಗೆ ತೋಳು ಸ್ವಲ್ಪ ಕೆಂಪಾಗುತ್ತಿತ್ತು, ಅಷ್ಟೇ. ಮೂರು ವಾರಕ್ಕೆ ನೋವು ಇಳಿಯಿತು. ಮಾರ್ಫೀನ್ ಅರ್ಧಕ್ಕೆ ಬಂತು. ಕತ್ತಿನ ಗಂಟು ಕಲ್ಲಿನಂತಿದ್ದುದು ಸ್ವಲ್ಪ ಮೆತ್ತಗಾದಂತೆ ನನಗೆ ಕಂಡಿತು; ಡಾಕ್ಟರಿಗೂ ಕಂಡಿತು. ನಿಜವಾಗಿ ಮೆತ್ತಗಾಗಿತ್ತೋ, ನಮ್ಮ ಬೆರಳುಗಳೇ ಆಸೆಪಟ್ಟವೋ, ಇವತ್ತಿಗೂ ಹೇಳಲಾರೆ. ದನಿ ಮಾತ್ರ ಪೂರ್ತಿ ಹೋಯಿತು. ಮಾವ ಸ್ಲೇಟು ಹಿಡಿದರು. ಗಂಜಿತಿಳಿ, ಹಾಲು ಚಮಚದಲ್ಲಿ ಹೋಗುತ್ತಿತ್ತು. ಅದಕ್ಕಿಂತ ಗಟ್ಟಿಯಾದದ್ದು ಹಾಕಿದರೆ ಕೆಮ್ಮಿ ಮೂಗಲ್ಲಿ ಬರುತ್ತಿತ್ತು.

ಆಟಿ ಹದಿನೈದರಂದು ಮಾವ ಸ್ಲೇಟಿನಲ್ಲಿ "ಇನ್ನ್ ಮೂರ್ ದಿನ" ಎಂದು ಬರೆದು ನನಗೆ ತೋರಿಸಿದರು. ನಾನು ಅದನ್ನು ಡಾಕ್ಟರಿಗೆ ಹೇಳಿದೆ. ಅವರು ಬಹಳ ಹೊತ್ತು ಚಾರ್ಟು ನೋಡಿ, ಮೂತ್ರ ತಿಳಿಯಾಗಿದೆ ತಾನೇ ಎಂದು ಎರಡು ಸಲ ಕೇಳಿ, ಮರುದಿನದಿಂದ ಪ್ರಮಾಣ ಏರಿಸಿದರು. ಏರಿಸಿ ಎಂದು ನಾನು ಬಾಯಿಬಿಟ್ಟು ಕೇಳಿರಲಿಲ್ಲ. ಕೇಳಿದ ಹಾಗೇ ನಿಂತಿದ್ದೆ.

ಹದಿನೆಂಟರಂದು ಬೆಳಿಗ್ಗೆ ಅತ್ತೆ ಕೊಡೆ ಹಿಡಿದು ಹೋಗಿ ತೊರೆಯ ಬದಿಯಿಂದ ಸೊಪ್ಪು ತಂದರು. ನನ್ನ ಅಡುಗೆಮನೆ ಪೂರ್ತಿ ಆ ಸೊಪ್ಪಿನ ಘಮ. ಮಾವನಿಗೆಂದು ಪಾಯಸವನ್ನು ಬೇರೆಯಾಗಿ ತೆಳ್ಳಗೆ ಮಾಡಿ, ಬಟ್ಟೆಯಲ್ಲಿ ಸೋಸಿ, ಅವರದೇ ಪೆಟ್ಟಿಗೆಯ ಜೇನು ಬಿಟ್ಟು, ಹಿತ್ತಾಳೆ ಲೋಟದಲ್ಲಿ ವಾರ್ಡಿಗೆ ಒಯ್ದರು. ನಾನು ಎರಡು ಲೋಟ ಉಂಡು ಡಿಸ್ಪೆನ್ಸರಿಗೆ ಹೋದೆ. ಹೊರರೋಗಿಗಳ ಸಾಲು ಮುಗಿದು ವಾರ್ಡಿಗೆ ಬಂದಾಗ ಎರಡು ಗಂಟೆ. ಲೋಟ ಖಾಲಿ. ಮಾವನ ತುಟಿಯ ಕೊನೆಯಲ್ಲಿ ನೇರಳೆ ಬಣ್ಣ.

"ಹೆಂಗಾತ್ ಮಾವ?" ಎಂದು ಕೇಳಿದೆ.

ಮಾವ ಗಂಟಲನ್ನು ಕೈಯಿಂದ ಮೆಲ್ಲಗೆ ತಟ್ಟಿಕೊಂಡು ತಲೆಯಾಡಿಸಿದರು. ಕಣ್ಣು ಮುಚ್ಚಿ, ರುಚಿಯಾಗಿತ್ತು ಎನ್ನುವಂತೆ ಮುಖ ಮಾಡಿದರು. ಅತ್ತೆ ಲೋಟ ತೊಳೆಯಲು ಎದ್ದು ಹೋದರು. ನಾನು ಡಿಸ್ಪೆನ್ಸರಿಯ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕಣ್ಣೀರು ಹಾಕಿದೆ. ಸಂತೋಷಕ್ಕೆ ಅತ್ತದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಮರುದಿನ ಬೆಳಿಗ್ಗೆ ಮಾವನ ಮೂತ್ರದ ಬಾಟಲಿ ಕೆಂಪು.

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎಷ್ಟು ಚೆಂದದ ಕೆಂಪು ಎನಿಸಿತು. ನುಂಗಿದ್ದಾರೆ, ತುಟಿಗೆ ಹಚ್ಚಿಕೊಂಡದ್ದಲ್ಲ, ನುಂಗಿ ಮೈಗೆ ಹತ್ತಿದೆ, ಸಾಕ್ಷಿ ಇಲ್ಲಿದೆ ಎಂದುಕೊಂಡೆ. ವಾರ್ಡಿನಲ್ಲಿ ಇನ್ನೂ ನಾಲ್ವರದು ಹಾಗೇ ಇತ್ತು. ನನ್ನದೂ. ತಮಾಷೆಗೆಂದು ನನ್ನದನ್ನು ಒಂದು ಬಾಟಲಿಯಲ್ಲಿ ಹಿಡಿದು ಮಾವನದರ ಪಕ್ಕದಲ್ಲಿಟ್ಟೆ.

ನಮ್ಮ ಸಿಸ್ಟರ್ ಕಣ್ಣೂರಿನ ಕಡೆಯವರು. ಎರಡೂ ಬಾಟಲಿಗಳನ್ನು ಬಗ್ಗಿ ನೋಡಿ ಮಾವನದರ ಮೇಲೆ ಬೆರಳಿಟ್ಟರು.

"ಕಂಪೌಂಡರೇ, ಈ ಕುಪ್ಪಿದು ಸ್ವಲ್ಪ ಕಪ್ಪು ಕಪ್ಪು ಉಂಟಲ್ಲಾ?"

"ಎರಡು ತಿಂಗಳಿಂದ ಸರಿಯಾಗಿ ನೀರು ಕುಡಿಯದ ಮನುಷ್ಯ ಸಿಸ್ಟರ್. ಗಟ್ಟಿ ಇರ್ತದೆ" ಎಂದೆ.

ಡಾಕ್ಟರು ಬಂದರು. ಬಾಟಲಿ ನೋಡಿದವರೇ ನಿಂತುಬಿಟ್ಟರು. ಅವರ ಕೈ ಬಾಟಲಿಯ ಕಡೆ ಹೋಗಿತ್ತು. ನಾನು ನಕ್ಕೆ.

"ಸಾರ್, ನಿನ್ನೆ ಆಟಿ ಹದಿನೆಂಟು. ಮರೆತೇ ಹೋಯ್ತಾ? ನೋಡಿ, ಇದು ನಂದು. ನಂಗೂ ಕ್ವಿನೈನ್ ನಿಲ್ಲಿಸ್ತೀರಾ?"

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಅವರಿಗೂ ನಗು ಬಂತು. "ಇವರು ಉಂಡ್ರಾ?"

"ಒಂದು ಲೋಟ ಪೂರ್ತಿ" ಎಂದೆ.

"ಭೇಷ್" ಎಂದರು. ಅವರ ಕಣ್ಣಿನಲ್ಲೂ ನನ್ನ ಸಂತೋಷವೇ ಇತ್ತು. ಸೂಜಿಮದ್ದು ಚುಚ್ಚಿದರು. ನಾನು ರಿಜಿಸ್ಟರಿನಲ್ಲಿ ದುಂಡಗೆ ಬರೆದೆ: ಕೆಂಪು, ಮದ್ದು ಸೊಪ್ಪಿನಿಂದ. ಬೆಂಜಿಡೀನ್ ಬಾಟಲಿ ಮಾದರಿಗಳನ್ನಿಡುವ ಕಪಾಟಿನಲ್ಲೇ, ರಿಜಿಸ್ಟರಿನಿಂದ ಒಂದು ಮಾರು ದೂರದಲ್ಲಿತ್ತು.

ಆಟಿ ಇಪ್ಪತ್ತರ ಬೆಳಿಗ್ಗೆ ವಾರ್ಡಿನಲ್ಲಿ ಎಲ್ಲರದೂ ತಿಳಿಯಾಗಿತ್ತು. ನನ್ನದೂ. ಮಾವನದು ಕಾಫಿ ಡಿಕಾಕ್ಷನ್ನಿನ ಬಣ್ಣ, ಅದೂ ಬಾಟಲಿಯ ಕಾಲು ಭಾಗ. ಮಾವನ ಹತ್ತಿರ ಹೋಗಿ ಕಣ್ಣರೆಪ್ಪೆ ಬಿಡಿಸಿದೆ. ಬಿಳಿಯಿರಬೇಕಾದಲ್ಲಿ ಅರಿಸಿನ.

ಬೆಂಜಿಡೀನ್ ಕಲಸಿದೆ. ಮೂರು ಕೊಳವೆ ಜೋಡಿಸಿದೆ. ಮೊದಲನೆಯದರಲ್ಲಿ ಇಂದಿನದು: ಹನಿ ಬಿದ್ದ ಕೂಡಲೇ ನೀಲಿ. ಎರಡನೆಯದರಲ್ಲಿ ಕಪಾಟಿನಲ್ಲಿದ್ದ ನಿನ್ನೆಯ ಮಾದರಿ: ನೀಲಿ. ಮೂರನೆಯದರಲ್ಲಿ ನಿನ್ನೆ ತಮಾಷೆಗೆ ಹಿಡಿದಿಟ್ಟ ನನ್ನದು. ಅದು ಕೆಂಪಾಗಿಯೇ ಉಳಿಯಿತು. ಐದು ನಿಮಿಷ ಕಾದೆ. ಕೆಂಪೇ.

ಡಾಕ್ಟರು ವಾರ್ಡಿಗೆ ಬರಲು ಇನ್ನೂ ಅರ್ಧ ಗಂಟೆಯಿತ್ತು. ನಿನ್ನೆಯ ಬಾಟಲಿ ಕೈಲಿ ಹಿಡಿದು ತೊಟ್ಟಿಯ ಹತ್ತಿರ ನಿಂತೆ. ಅದನ್ನು ಚೆಲ್ಲಿ ತೊಳೆದಿಟ್ಟರೆ ರಕ್ತ ಇಂದು ಕಂಡಿತು, ನಿನ್ನೆ ಇದ್ದದ್ದು ಸೊಪ್ಪಿನ ಬಣ್ಣವೇ ಎಂದಾಗುತ್ತಿತ್ತು. ಕೇಳುವವರು ಯಾರೂ ಇರಲಿಲ್ಲ. ಬಿರಡೆ ತೆಗೆದದ್ದೂ ಹೌದು, ಅದನ್ನು ಮುಚ್ಚಿಡುವುದಿಲ್ಲ. ತೊಟ್ಟಿಯ ಮೇಲಿನ ಕಿಟಕಿಯಿಂದ ಮಾವನ ಎಂಟು ಪೆಟ್ಟಿಗೆಗಳು ಮಳೆಯಲ್ಲಿ ನೆನೆಯುತ್ತಿದ್ದುದು ಕಂಡಿತು. ಸುಳ್ಳು ಹೇಳಿ ಉಳಿಯುವಂಥದ್ದು ಅಲ್ಲಿ ಏನಿತ್ತು? ಬಿರಡೆ ಹಾಕಿ, ಮೂರೂ ಕೊಳವೆಗಳನ್ನು ಸ್ಟ್ಯಾಂಡಿನಲ್ಲಿಟ್ಟುಕೊಂಡು ಡಾಕ್ಟರ ಬಂಗಲೆಗೆ ಮಳೆಯಲ್ಲೇ ನಡೆದೆ.

ಅವರು ಶೇವಿಂಗ್ ಮಾಡಿಕೊಳ್ಳುತ್ತಿದ್ದರು. ಅರ್ಧ ಮುಖದಲ್ಲಿ ಸೋಪು. ನಾನು ಯಾವುದು ಯಾವುದೆಂದು ಹೇಳಿದೆ. ಅವರು ಕೊಳವೆಗಳನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಟವೆಲಿನಿಂದ ಸೋಪು ಒರೆಸಿಕೊಂಡು ಚಪ್ಪಲಿ ಮೆಟ್ಟಿ ಹೊರಟರು.

ದಾರಿಯಲ್ಲಿ ಹೇಳಿದರು: "ನಾನು ಕೇಳಿದೆ. ನೀವು ಹೇಳಿದಿರಿ. ನಾನು ನಂಬಿದೆ. ಮೂರನ್ನೂ ರಿಜಿಸ್ಟರಿನಲ್ಲಿ ಬರೀರಿ. ಒಂದನ್ನೇ ಬರೀಬೇಡಿ."

ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮದ್ದು ನಿಂತಿತು. ಸೋಡಾಬೈಕಾರ್ಬು, ಗ್ಲೂಕೋಸು, ರಕ್ತನಾಳಕ್ಕೆ ಹನಿ ಹನಿಯಾಗಿ ಸಲೈನ್. ಆ ಕಾಲದಲ್ಲಿ ನಮ್ಮ ಕೈಲಿದ್ದದ್ದು ಅಷ್ಟೇ. ನನ್ನ ರಕ್ತ ಕೊಡುತ್ತೇನೆಂದೆ, ಹೊಂದಲಿಲ್ಲ. ಸಿಸ್ಟರು ನನ್ನ ಪಾಳಿಯನ್ನೂ ತಾವೇ ಮಾಡಿದರು. ಮಾವನ ಮೂತ್ರ ಮಾರನೆಯ ದಿನ ಎರಡು ಚಮಚದಷ್ಟು ಬಂತು. ಆಮೇಲೆ ಬರಲೇ ಇಲ್ಲ. ಪಾದ ಬಾತಿತು, ಆಮೇಲೆ ಮುಖ. ಜ್ಞಾನ ಮಾತ್ರ ಕಡೆಯ ಹಿಂದಿನ ದಿನದವರೆಗೂ ಇತ್ತು. ಸ್ಲೇಟು ಕೇಳಿ ಇಸಿದುಕೊಂಡು ಬರೆದರು: "ಹುಳಕ್ಕೆ ಪಾಕ ಹಾಕಿದ?"

ಮಳೆಗಾಲದಲ್ಲಿ ಪೆಟ್ಟಿಗೆಯ ಹುಳಕ್ಕೆ ಸಕ್ಕರೆಪಾಕ ಇಡದಿದ್ದರೆ ಹಸಿವಿಗೆ ಸಾಯುತ್ತವೆ. ನಾನು ನಾಲ್ಕು ದಿನದಿಂದ ಆ ಕಡೆ ತಲೆಹಾಕಿರಲಿಲ್ಲ. ಹಾಕಿದೆ ಎಂದು ತಲೆಯಾಡಿಸಿ, ಹೊರಗೆ ಹೋಗಿ ಪಾಕ ಕಾಯಿಸಿ ಇಟ್ಟು ಬಂದೆ. ಎರಡು ಪೆಟ್ಟಿಗೆ ಆಗಲೇ ಖಾಲಿಯಾಗಿದ್ದವು. ಅದನ್ನು ಹೇಳಲಿಲ್ಲ. ಬಾಟಲಿಯ ವಿಷಯವನ್ನೂ ಮಾವನಿಗೆ ಹೇಳಲಿಲ್ಲ. ಹೇಳಬೇಕೆಂದು ಮಂಚದ ಪಕ್ಕ ಕೂತಾಗಲೆಲ್ಲ ಮಾವ ಜೇನು ಕಚ್ಚಿ ಬಾತಿದ್ದ ನನ್ನ ಬೆರಳುಗಳನ್ನು ಸವರಿ ನೋಡುತ್ತಿದ್ದರು. ಆ ಬಾವು ಎಂದೋ ಇಳಿದಿತ್ತು.

ಮದ್ದು ನಿಲ್ಲಿಸಿದ ಆರನೆಯ ದಿನ ಬೆಳಿಗ್ಗೆ ಮಳೆ ಬಿಟ್ಟು ಬಿಸಿಲು ಬಂದಾಗ ಹೋದರು.

ಡಾಕ್ಟರು ಉಳಿದ ವಿಷದ ಬಾಟಲಿಗೆ ಅರಗು ಹಾಕಿ ಮುಚ್ಚಿ, ಒಂದು ವೈದ್ಯಕೀಯ ಕಾಲೇಜಿನ ಪ್ರಯೋಗಾಲಯಕ್ಕೆ ಕಳಿಸಿಕೊಟ್ಟರು. ಜೊತೆಗೆ ನಾಲ್ಕು ಪುಟದ ವರದಿ. ನೋವು ಇಳಿದದ್ದು, ಗಂಟು ಮೆತ್ತಗಾದಂತೆ ಕಂಡದ್ದು, ಪ್ರಮಾಣ ಏರಿಸಿದ್ದು, ಕೆಂಪು ಕಂಡ ದಿನ ಪರೀಕ್ಷೆ ಮಾಡದೆ ಇನ್ನೊಂದು ಸಲ ಚುಚ್ಚಿದ್ದು, ಎಲ್ಲ ಇತ್ತು. ನನ್ನ ತಪ್ಪು ಎಂದಿರಲಿಲ್ಲ. ನಮ್ಮ ತಪ್ಪು ಎಂದಿತ್ತು. ಅದನ್ನು ಟೈಪು ಮಾಡಿದವನು ನಾನು. ಆ ಶಬ್ದದ ಮೇಲೆ ಬೆರಳು ನಿಂತುಬಿಟ್ಟಿತು. ಮತ್ತೆ ಅವರು ವಿಷದ ಕೆಲಸ ಮಾಡಲಿಲ್ಲ. ಈಗ ನನ್ನ ಈ ವಯಸ್ಸಿನಲ್ಲಿ ಪತ್ರಿಕೆಯಲ್ಲಿ ಆಗೊಮ್ಮೆ ಈಗೊಮ್ಮೆ ಓದುತ್ತೇನೆ: ಜೇನಿನ ವಿಷದ ಆ ಪೆಪ್ಟೈಡಿನ ಮೇಲೆ ಇನ್ನೂ ಕೆಲಸ ನಡೆಯುತ್ತಿದೆಯಂತೆ, ರಕ್ತಕ್ಕೆ ತಾಗಿಸದೆ ಗಡ್ಡೆಗೆ ಮಾತ್ರ ಮುಟ್ಟಿಸುವುದು ಹೇಗೆ ಎಂದು ಹುಡುಕುತ್ತಿದ್ದಾರಂತೆ. ಅವರಿಗೆ ಸಿಗಲಿ ಎಂದು ಮನಸಾರೆ ಹಾರೈಸುತ್ತೇನೆ. ಪತ್ರಿಕೆ ಮಡಚಿಡುವಾಗ ಮೂಗಿಗೆ ಬಾಳೆಹಣ್ಣಿನ ವಾಸನೆ ಬಂದಂತಾಗುತ್ತದೆ.

ತಿಥಿ ಕಳೆದ ಮೇಲೆ, ಉಳಿದ ಆರು ಪೆಟ್ಟಿಗೆಗಳನ್ನು ವಾಪಸು ಒಯ್ಯುವ ನೆಪದಲ್ಲಿ ಅತ್ತೆಯ ಮನೆಗೆ ಹೋದೆ. ಹೇಳದೆ ಇರಲಾರದವನಾಗಿದ್ದೆ. ಅಲ್ಲಿಯವರೆಗೆ ನನ್ನನ್ನು ಒಂದೇ ಒಂದು ಸಮಾಧಾನ ನಿಲ್ಲಿಸಿಕೊಂಡಿತ್ತು: ಹೋಗುವ ಮೊದಲು ಮಾವ ಕೇಳಿದ ಒಂದು ಲೋಟ ಪಾಯಸ ಅವರ ಗಂಟಲಲ್ಲಿ ಇಳಿದಿತ್ತು. ಅಷ್ಟಾದರೂ ಆಯಿತು.

ಅತ್ತೆ ಅಂಗಳದ ಮೆಟ್ಟಿಲ ಮೇಲೆ ಕೂತು ಕೇಳಿದರು. ಬಾಟಲಿ, ಬಣ್ಣ, ನನ್ನ ನಗು, ಡಾಕ್ಟರ ಸೂಜಿ, ಎಲ್ಲ ಹೇಳಿದೆ. ಕಪಾಟಿನಲ್ಲೇ ಇದ್ದ ಪುಡಿಯನ್ನು ಮುಟ್ಟಲಿಲ್ಲ ಎಂದೂ ಹೇಳಿದೆ. ಅವರು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಡಿಸುತ್ತಾ ಕೂತಿದ್ದರು.

"ಪಾಯಸದ ಬಣ್ಣ ತ ತಿಳ್ಕೊಂಡೆ ಅತ್ತೆ" ಎಂದೆ.

"ಅವು ಉಂಡತ್ಲೆ" ಎಂದರು.

ಮಾವ ಉಣ್ಣಲೇ ಇಲ್ಲವೇ ಎಂದೆ. ಲೋಟ ಖಾಲಿಯಿತ್ತಲ್ಲ ಎಂದೆ. ತುಟಿಯಲ್ಲಿ ಬಣ್ಣವಿತ್ತಲ್ಲ ಎಂದೆ.

"ಒಂದ್ ಚಮಚ ಹಾಕ್ದೆ. ಕೆಮ್ಮಿ ಪೂರಾ ಹೊರಗೆ ಬಾತ್. ಸ್ಲೇಟ್‌ಲಿ ಬರ್ದ್ ತೋರ್ಸ್ದೊ, ನೀ ಉಣ್, ಈ ದಿನದ ಪಾಯಸ ಚೆಲ್ಲಿಕೆ ಆಗ ತ. ನಾ ಉಂಡೆ. ಮತ್ತೆ ಲೋಟದ ಬುಡಲಿ ಇದ್ದದ್ನ ಬೆರಳ್‌ಲಿ ತೆಗ್ದ್ ತುಟಿಗೆ ಹಚ್ಚಿಕೊಂಡೊ. ಅಳಿಯ ಬಂದ್ ನೋಡ್ದು, ಅವಂಗೆ ಖುಷಿ ಆಗ್ಲಿ ತ."

ಅಂಗಳದಲ್ಲಿ ಇಳಿಸಿದ ಪೆಟ್ಟಿಗೆಗಳಿಂದ ಹುಳಗಳು ಹೊರಬಂದು ಹಳೆಯ ಜಾಗದ ಗುರುತು ಹುಡುಕುತ್ತಿದ್ದವು. ಅತ್ತೆ ನನ್ನ ತಲೆಯ ಮೇಲೆ ಕೈಯಿಟ್ಟರು.

"ಮರುದಿನ ನಂಗೂ ಕೆಂಪೇ ಹೋತ್. ನಿನ್ನ ಅಡಿಗೆಮನೇಲಿ ನಿಂಗೆ ಕಾಫಿ ಕೊಟ್ಟಳ್ ನಾನೇ. ಉಂಡೊವಾ ತ ಒಂದ್ ಮಾತ್ ನನ್ನ ಕೇಳಿದ್ರೆ ಹೇಳ್ತಿದ್ದೆ, ಮಗಾ."

ಆ ಆಸ್ಪತ್ರೆಯಲ್ಲಿ ನಾನು ಇನ್ನೂ ಇಪ್ಪತ್ತು ಚಿಲ್ಲರೆ ವರ್ಷ ಇದ್ದೆ. ಪ್ರತಿ ವರ್ಷ ಆಟಿ ಹದಿನೆಂಟರ ಮರುದಿನ ಬೆಳಿಗ್ಗೆ ಬೆಂಜಿಡೀನ್ ಕಲಸಿಟ್ಟುಕೊಂಡು ಮಂಚದಿಂದ ಮಂಚಕ್ಕೆ ಹೋಗಿ, ನಿನ್ನೆ ಪಾಯಸ ಉಂಡಿರಾ, ಎಷ್ಟು ಉಂಡಿರಿ ಎಂದು ಕೇಳುತ್ತಿದ್ದೆ. ರೋಗಿಗಳನ್ನು ಕೇಳಿದ ಮೇಲೆ, ಲೋಟ ತಂದವರನ್ನು ಹೊರಗೆ ಕರೆದು ಇನ್ನೊಮ್ಮೆ ಕೇಳುತ್ತಿದ್ದೆ. ಕಂಪೌಂಡರಿಗೆ ವಯಸ್ಸಾಯಿತು ಎಂದು ನಗುತ್ತಿದ್ದರು. ನಗಲಿ ಎಂದು ಮುಂದಿನ ಮಂಚಕ್ಕೆ ಹೋಗುತ್ತಿದ್ದೆ.